ಹೊರಡದ ದೋಣಿಯ ಲೆಕ್ಕ

ಕ್ರೀಟ್ ದ್ವೀಪದ ತೆಂಕಣ ದಡ. ಬೆಳಗಿನ ಐದು.
ಬಂದರು ಕಚೇರಿಯ ಕಂಪ್ಯೂಟರಿಗೆ ನಿದ್ದೆಯಿಲ್ಲ;
ಗಾಳಿಯನ್ನೋದಿ, ಅಲೆಯನ್ನಳೆದು
ಪರದೆಯ ಮೇಲೆ ಕೆಂಪಗೆ ಬರೆಯುತ್ತದೆ:
ಇಂದು ಹೊರಟ ದೋಣಿ ಮುಳುಗುತ್ತದೆ.

ಅರ್ಗಿರೋ ಸರಪಳಿ ಬಿಗಿಯುತ್ತಾಳೆ.
ಹೊರಡದ ದೋಣಿ ಮುಳುಗುವುದಿಲ್ಲ.
ಸಂಜೆ ಮುದುಕ ಮನೂಸೊಸ್ ಬೊಚ್ಚುಬಾಯಲ್ಲಿ ನಗುತ್ತಾನೆ:
"ಎಲ್ಲಿ ಮುಳುಗ್ತು, ತೋರ್ಸೇ ನೋಡೋಣ."

ಮೂರು ವರ್ಷದಲ್ಲಿ ಅರವತ್ತೊಂದು ಸಲ ಹೀಗೆ.
ಅರವತ್ತೊಂದು ಮುಳುಗಡೆ, ಒಂದೂ ನಡೆದಿಲ್ಲ.
ದಫ್ತರದಲ್ಲಿ ಎರಡು ಅಂಕಣ, ಸರಿ ಮತ್ತು ತಪ್ಪು.
ಎಲ್ಲಿ ಗೀಟು ಹಾಕಲೆಂದು ತಿಳಿಯದೆ
ಅವಳ ಪೆನ್ನು ಇನ್ನೂ ಗಾಳಿಯಲ್ಲೇ ಇದೆ.
ನಂಬಿದರೆ ಸುಳ್ಳಾಗುವ ಮಾತು,
ನಂಬದಿದ್ದರೆ ನಿಜವಾಗಿಬಿಡುವ ಮಾತು.

ಮನೂಸೊಸ್‌ಗೆ ಪರದೆ ಬೇಡ, ಎಡಮಂಡಿ ಇದೆ.
ಬೆಟ್ಟದಿಂದ ಗಾಳಿ ಇಳಿಯುವ ಮುನ್ನ
ಒಳಗೊಂದು ಇಲಿ ಕಡಿಯುತ್ತದಂತೆ.
"ಮಂಡಿ ಸುಳ್ಳು ಹೇಳಲ್ಲ," ಎನ್ನುತ್ತಾನೆ;
ರಾಕಿ ಲೋಟ ಕೆಳಗಿಟ್ಟು,
"ಆದ್ರೆ ನಮ್ಮ ದ್ವೀಪದೋರನ್ನ ನಂಬಬೇಡ.
ಒಬ್ಬೊಬ್ಬನೂ ಸುಳ್ಳ.
ನಾನೂ ಇಲ್ಲೇ ಹುಟ್ಟಿದೋನು, ನೋಡು."

ಹಳೇ ಗಂಟು ಇದು.
ಇಲ್ಲಿಯ ಮಕ್ಕಳು ಹಾಲುಹಲ್ಲಿನ ಜೊತೆ ಇದನ್ನೂ ಉದುರಿಸಿಕೊಳ್ಳುತ್ತಾರೆ.
ಅವನನ್ನು ನಂಬಿದರೆ, ನಂಬುವಂತಿಲ್ಲ.
ನಂಬದಿದ್ದರೆ, ನಿಜ ಆಡುವವನು ಒಬ್ಬನಾದರೂ ಇರಬೇಕು:
ಯಾರವನು? ಯಾವ ಓಣಿ?
ದೋಣಿ ನಡೆಸಲು ಬರುತ್ತದೆಯೇ ಅವನಿಗೆ?

ನವೆಂಬರಿನ ಒಂದು ರಾತ್ರಿ
ಎದುರಿನ ಪುಟ್ಟ ದ್ವೀಪದಲ್ಲಿ ಒಬ್ಬಳಿಗೆ ಹೆರಿಗೆ ಬೇನೆ.
ಸೂಲಗಿತ್ತಿ ಚೀಲ ಹಿಡಿದು ಕಟ್ಟೆಯ ಮೇಲೆ,
ತಲೆವಸ್ತ್ರ ಹಾರುತ್ತಿದೆ.
ಪರದೆ ಕೆಂಪು.
ಅರ್ಗಿರೋ ಕೇಳಿದಳು, "ಮಂಡಿ?"
"ಮಗು ಥರ ಮಲಗಿದೆ," ಎಂದ ಮನೂಸೊಸ್,
ಎಂದವನೇ ಮೊದಲು ತಾನು ದೋಣಿಗಿಳಿದ.

ಸರಪಳಿ ಅವಳ ಕೈಯಲ್ಲಿತ್ತು.
ಬಿಚ್ಚಿದ್ದು ಯಾವ ಲೆಕ್ಕದಿಂದ ಎಂದು
ಮೇಲಿನವರು ಆಮೇಲೆ ನಾಲ್ಕು ಪುಟ ಬರೆಸಿದರು.
ಅವಳು ಬರೆದಳು. ನಾಲ್ಕೂ ಪುಟ ಸುಳ್ಳು.

ಬೆಳಗಾದಾಗ ದೋಣಿ ಬಂತು,
ಒಂದು ಪಕ್ಕದ ಹಲಗೆಯೇ ಇಲ್ಲ,
ತಳದಲ್ಲಿ ಮೊಣಕಾಲುದ್ದ ನೀರು.
"ಹೆಣ್ಣು," ಎಂದ. ಹತ್ತಲಾಗದೆ
ಕಟ್ಟೆಯ ಕಲ್ಲಿಗೆ ಆತು, ಎಡಮಂಡಿ ಒತ್ತಿಕೊಳ್ಳುತ್ತ
ಮೆಲ್ಲಗೆ ಎಂದ, "ಹೋಗುವಾಗ್ಲೇ ಕಡೀತಿತ್ತು ಕಣೇ,
ಜೀವ ಹೋಗೋ ಹಾಗೆ."

ಅರ್ಗಿರೋ ದಫ್ತರ ತೆರೆದಳು.
ಅರವತ್ತೆರಡನೆಯ ಸಾಲು.
ದೋಣಿ ಕಿಟಕಿಯಾಚೆ ತೇಲುತ್ತಲೇ ಇತ್ತು,
ಅವಳು ಮೊದಲ ಸಲ ಗೀಟೆಳೆದಳು,
ಸರಿ ಎಂಬ ಅಂಕಣದಲ್ಲಿ.