ಖಾಯಂ ವಿಳಾಸ

ದೀಪಾವಳಿ ಮುಗಿದು ಮೂರು ದಿನ,
ಬಿಸಿಲಿನ್ನೂ ರೊಟ್ಟಿಯ ಹೆಂಚಿನಂತೆ ಕಾದಿರುವಾಗಲೇ
ಕಲಬುರಗಿಗೆ ಸ್ವೆಟರುಗಳು ಬಂದಿಳಿಯುತ್ತವೆ.
ಮಹಾನಗರ ಪಾಲಿಕೆ, ಎರಡನೆಯ ಮಹಡಿ, ಫ್ಯಾನಿನ ಕೆಳಗೆ ನಾನು;
ಫುಟ್‌ಪಾತಿನ ಹನ್ನೆರಡಡಿ ಜಾಗಕ್ಕೆ
ಅರ್ಜಿ ಹಿಡಿದು ನಿಂತವಳು ಯಾಂಗ್‌ಜೊಮ್.

‘ಯಾವೂರು ನಿಮ್ದು?’
‘ಮುಂಡಗೋಡ ರೀ. ಕ್ಯಾಂಪ್ ನಂಬರ್ ಮೂರು.’
‘ಅದಕ್ಕೂ ಮೊದ್ಲ?’
‘ನಾ ಅಲ್ಲೇ ಹುಟ್ಟೀನ್ರಿ. ಅವ್ವ ಹಾದ್ಯಾಗ ಹುಟ್ಯಾಳ.’

ಹಾದಿ ಯಾವ ಜಿಲ್ಲೆ?
‘ತಾಯಿಯ ಜನ್ಮಸ್ಥಳ’ ಎಂಬಲ್ಲಿ ‘ಹಾ’ ಒತ್ತಿದರೆ
ಕಂಪ್ಯೂಟರು ಹಾವೇರಿ ತೋರಿಸುತ್ತದೆ, ಹಾಸನ ತೋರಿಸುತ್ತದೆ.
ಹಾದಿ ಇಲ್ಲ.
ರಾಷ್ಟ್ರೀಯತೆಯ ಎದುರು ಪೆನ್ಸಿಲಿನಲ್ಲಿ ಏನೋ ಬರೆದು
ಉಗುರಿಂದ ಕೆರೆದು ಅಳಿಸಿದ ಕಲೆ.

‘ಅಸಲು ಪ್ರತಿ ತರ್ರಿ’ ಅಂದೆ,
ದಿನಕ್ಕೆ ನಲವತ್ತು ಸಲ ಅನ್ನುವ ಹಾಗೆ.
ಈ ಸಲ ಮಾತು ಹಲ್ಲಿಗೆ ಸಿಕ್ಕ ಹರಳು:
ಅಸಲು ಅನ್ನುವ ಶಬ್ದವೇ ಅಸಲು ಇಲ್ಲಿಯದಲ್ಲ.
ಅರಬರ ಕಡೆಯಿಂದ ಕುದುರೆಗಳ ಜೊತೆ ಹಡಗಿಳಿದು
ಯಾವ ಸಂತೆಯಲ್ಲಿ ಉಳಿದುಬಿಟ್ಟಿತೋ.
ಖಾಯಂ ಕೂಡ ದೂರದಿಂದ ನಡೆದು ಬಂದದ್ದು.
ಕಾಗದ, ಮೊಹರು, ಹಾಜರಿ, ನಾನು ಕೂತ ಖುರ್ಚಿ,
ನಾನು ಕೊಡಬೇಕಾದ ಮಂಜೂರಿ,
ಒಬ್ಬೊಬ್ಬರನ್ನೇ ಎಬ್ಬಿಸಿ ಊರು ಕೇಳಿದರೆ
ಮಧ್ಯಾಹ್ನದೊಳಗೆ ಕಚೇರಿ ಖಾಲಿ;
ಖಾಲಿ ಎನ್ನಲೂ ಬಾಯಲ್ಲಿ ಏನೂ ಉಳಿಯದು.

ನಾನಾದರೂ ಎಲ್ಲಿಯವಳು?
ಗುಲಬರ್ಗಾದಲ್ಲಿ ಹುಟ್ಟಿ ಕಲಬುರಗಿಯಲ್ಲಿ ಇದ್ದೇನೆ.
ಅದೇ ಓಣಿ, ಅದೇ ಸೋರುವ ನಲ್ಲಿ.
ನಾನು ಕದಲಲಿಲ್ಲ, ಫಲಕ ಕದಲಿತು.
ನಮ್ಮಜ್ಜ ಮಲ್ಕಣ್ಣ ಅಡತಿಯಲ್ಲಿ ತೊಗರಿ ಲೆಕ್ಕ ಬರೆದದ್ದು
ಬಲದಿಂದ ಎಡಕ್ಕೆ,
ಮಾತು ಕನ್ನಡ, ಅಕ್ಷರ ಉರ್ದು;
ನಿಜಾಮರ ಸಾಲಿಯಲ್ಲಿ ಅವನಿಗೆ ಕಲಿಸಿದ್ದು ಅದೊಂದೇ.
ಹಣೆಯ ಮೇಲೆ ವಿಭೂತಿ, ಬೆರಳ ತುದಿಗೆ ಅಲಿಫ್.
ಆ ವಹಿ ಮನೆಯಲ್ಲಿದೆ, ಮಾಡದ ಮೇಲೆ.
ಓದಲು ನಮ್ಮಲ್ಲಿ ಯಾರಿಗೂ ಬರುವುದಿಲ್ಲ.

ಯಾಂಗ್‌ಜೊಮ್ ಸಹಿ ಮಾಡಿದಳು ತನ್ನ ಲಿಪಿಯಲ್ಲಿ:
ಕಾಣದೊಂದು ಗೆರೆಯಿಂದ ಜೋತುಬಿದ್ದ ಅಕ್ಷರಗಳು,
ತಂತಿಗೆ ತೂಗುಹಾಕಿದ ಸ್ವೆಟರಿನ ಹಾಗೆ.
‘ಇದು ನಡೀತದೇನ್ರಿ?’
‘ನಡೀತದ.’
ಕೊನೆಗೆ ಹಾವೇರಿಯನ್ನೇ ಒತ್ತಿದೆ.
ಸರ್ಕಾರದ ಕಡತದಲ್ಲಿ ಈಗ ಅವಳವ್ವ
ಹಾವೇರಿಯ ಹೆಣ್ಣುಮಗಳು.

ಹೊರಟವಳು ನಿಂತು
ನನ್ನ ಭುಜ ಕಣ್ಣಲ್ಲೇ ಅಳೆದು,
‘ನಿಮ್ದು ಮೂವತ್ತೆಂಟ್ರಿ. ಥಂಡಿ ಬಿದ್ದ ಮ್ಯಾಲ ಬರ್ರಿ’ ಅಂದಳು.
ಮಾಲು ಲುಧಿಯಾನದ್ದು, ಅದನ್ನೂ ಅವಳೇ ಹೇಳಿದಳು.

ರಾತ್ರಿ ಅಜ್ಜನ ವಹಿ ಇಳಿಸಿ, ಧೂಳು ಝಾಡಿಸಿ
ಹಿಂದಿನ ರಟ್ಟಿನಿಂದ ತೆರೆದೆ.
ಅಲ್ಲ,
ಅವನಿಗೆ ಅದೇ ಮುಂದು.