ನೂರಕ್ಕೆ ಒಂಬತ್ತು

ಅಜ್ಜಂಪುರದ ಎರೆಮಣ್ಣು ಹಟಮಾರಿ.
ಬೇಸಿಗೆಗೆ ಬಾಯಿ ಬಿಡುತ್ತದೆ.
ಇನಾಯತ್ ಸಾಹೇಬರ ಪೆನ್ನು ಅದರೊಳಗೆ ಬಿದ್ದದ್ದು
ಇವತ್ತಿಗೂ ಸಿಕ್ಕಿಲ್ಲ.
ಮೃಗಶಿರೆಗೆ ಮತ್ತೆ ಉಬ್ಬಿ
ಹಾಸಿದ ರಸ್ತೆಯನ್ನು ಹೆಗಲಿನಿಂದೆತ್ತಿ
ಅತ್ತ ಒಗೆಯುತ್ತದೆ.

ಬಿರುಕಿನ ಪಕ್ಕ ಡೇರೆ. ಡೇರೆಯೊಳಗೆ ತಕ್ಕಡಿ,
ಕಬ್ಬಿಣದ ಅಚ್ಚು, ನಾನು, ಕೃಷ್ಣಾಚಾರಿ.
ನೂರು ಪಾಲು ಮಣ್ಣಿಗೆ ಒಂಬತ್ತು ಪಾಲು ಸ್ಲ್ಯಾಗು,
ಒಂದಿಷ್ಟು ಸುಣ್ಣ. ಸಿಮೆಂಟು ಮುಟ್ಟುವ ಹಾಗಿಲ್ಲ.
"ಸ್ಲ್ಯಾಗು ಅಂದ್ರೇನು ಮೇಡಮ್ಮ?"
ಕಬ್ಬಿಣ ಕರಗಿಸಿದಾಗ ಮೇಲೆ ತೇಲುವ ಕಲ್ಮಶ, ಅಂದೆ.
"ಓ, ಕಿಟ್ಟ!
ಊರೆಲ್ಲ ನನ್ನ ಕರೆಯೋದೂ ಅದನ್ನೇ!"
ಮೂಟೆಯ ಮೇಲೆ ಕೂತು
ಕೆಮ್ಮು ಬರುವಷ್ಟು ನಕ್ಕ.

ಶಿವನಿಯಲ್ಲಿ ಅವನಪ್ಪನ ಕುಲುಮೆ,
ಹಿತ್ತಲಲ್ಲಿ ಕಿಟ್ಟದ ಗುಡ್ಡೆ.
ಕಾಲಿಗೆ ಚುಚ್ಚುತ್ತದೆಂದು ಬೈದು ಬೈದು ಅವ್ವ
ಕೊನೆಗೆ ಬಚ್ಚಲ ದಾರಿಯ ಕೆಸರಿಗೆ
ಅದನ್ನೇ ತುಳಿಸಿದಳಂತೆ.
ಅದು ಬೇರೆ, ಇದು ಬೇರೆ,
ಇದು ನೀರಲ್ಲಿ ಥಟ್ಟನೆ ತಣಿಸಿ
ಮೈದಾ ಹಾಗೆ ಅರೆದದ್ದು, ಎನ್ನಲು ಹೋದೆ.
ಅವನಾಗಲೇ ಕಲಸುತ್ತಿದ್ದ,
ಮುದ್ದೆ ತಿರುವುವವರ ಭುಜದಿಂದ.

ಹದಿನಾಲ್ಕು ವರ್ಷ ಗೂಡ್ಸ್ ಶೆಡ್ಡಿನಲ್ಲಿ
ಸಿಮೆಂಟು ಮೂಟೆ ಹೊತ್ತು
ಬೆರಳಸಂದಿ ಸುಟ್ಟು, ಮೇಸ್ತ್ರಿ ಬೇಡವೆಂದವನು ಕಿಟ್ಟ.
ಉಪಮೆ ನಾನು ಮಾಡಲಾರೆ.
ಬೇಕಾದರೆ ಅವನೇ ಮಾಡಿಕೊಳ್ಳುತ್ತಾನೆ,
ಬೀಡಿ ಹಚ್ಚಿ.

ಮೊದಲ ಸಲ ತಂದದ್ದು ಚಿಕ್ಕಮಗಳೂರಿನ
ಕಾಫಿ ಕ್ಯೂರಿಂಗಿನ ಬಾಯ್ಲರ್ ಬೂದಿ. ಹೊಟ್ಟು ಸುಟ್ಟದ್ದು, ಪುಕ್ಕಟೆ.
ಏಳನೆಯ ದಿನ ನೀರಿಗಿಟ್ಟರೆ
ಚಹಾಕ್ಕೆ ಅದ್ದಿದ ಬಿಸ್ಕತ್ತು.
ಬೂದಿಯೆಲ್ಲ ಒಂದೇ ಅಲ್ಲ.

ಈ ಸಲ ಹಸಿ ಗೋಣಿ ಸುತ್ತಿ
ಇಪ್ಪತ್ತೆಂಟು ದಿನ.
ಭಾನುವಾರವೂ ಸೈಕಲ್ಲಿನಲ್ಲಿ ಬಂದು
ಕಿಟ್ಟ ನೀರು ಚಿಮುಕಿಸಿದ.
ನಿಧಾನಕ್ಕೆ ಗಟ್ಟಿಯಾಗುವ ಜಾತಿ,
ಸಿಮೆಂಟಿನ ಅವಸರ ಇದಕ್ಕಿಲ್ಲ.

ಯಂತ್ರದ ದವಡೆಗಿಟ್ಟೆವು. ಮುಳ್ಳು ಏರಿತು,
ಸಾಹೇಬರು ಬೆರಳಿಟ್ಟಿದ್ದ ಗೆರೆ ದಾಟಿತು,
ಇನ್ನೂ ಏರಿತು.
ಆಮೇಲೆ ಓರೆಯಾಗಿ ಒಡೆಯಿತು,
ಒಣಸೌದೆ ಸೀಳಿದ ಸದ್ದು.
ಸಾಹೇಬರ ಹೊಸ ಪೆನ್ನು ಬರೆಯಲಿಲ್ಲ.
ಕಿವಿಯ ಮೇಲಿನ ಮೋಟು ಪೆನ್ಸಿಲ್ ತೆಗೆದು
ಕಿಟ್ಟ ಕೊಟ್ಟ.

ಒಡೆದ ಎರಡು ತುಂಡೂ ಅವನ ಚೀಲಕ್ಕೆ ಹೋದವು.
"ಬಚ್ಚಲ ದಾರಿಗೆ ಹಾಕ್ತೀನಿ ಮೇಡಮ್ಮ.
ನಿಮ್ಮ ಮಿಷಿನ್ನು ಹೇಳಿದ್ದಾಯ್ತು.
ಆರಿದ್ರಾ ಮಳೆ ಏನನ್ನುತ್ತೋ
ನೋಡಾಣ."