ಭಾನುವಾರ ರಾತ್ರಿ, ಹತ್ತರಿಂದ ನಾಲ್ಕು

ದುರ್ಗಿಗುಡಿಯ ಅಡ್ಡರಸ್ತೆಯಲ್ಲಿ ನಮ್ಮ ಔಷಧದ ಏಜೆನ್ಸಿ.
ಮೆಟ್ಟಿಲಡಿಯ ಸಂದಿಯಲ್ಲಿ, ಹಳೆ ಕ್ಯಾಲೆಂಡರುಗಳ ಪಕ್ಕ,
ಹದಿಮೂರು ವರ್ಷದಿಂದ ಕೂತಿದೆ ಸರ್ವರು.
ಏಪ್ರಿಲ್ ಬಂದರೆ ಮುಲುಕುತ್ತದೆ.
ಆಗ ಟೇಬಲ್ ಫ್ಯಾನನ್ನು ಅದರ ಕಡೆ ತಿರುಗಿಸಿ
ನಾನು ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತೇನೆ.

ಎಕ್ಸ್‌ಪೈರಿ ನೋಡುವುದೇ ನಮ್ಮ ಕಸುಬು.
ಮೂರು ತಿಂಗಳು ಮುಂಚೆಯೇ ಮಾತ್ರೆಯ ಪೆಟ್ಟಿಗೆ ಆರಿಸಿ
ಕಂಪನಿಗೆ ವಾಪಸ್ಸು ಕಟ್ಟುವವರು.
ಇದರ ಮೈಮೇಲೆ ಮಾತ್ರ ಯಾರೂ ತಾರೀಕು ಹುಡುಕಿರಲಿಲ್ಲ.

ಹಾಲೇಶಪ್ಪನವರು ಕೊಟೇಶನ್ನಿನ ಬೆನ್ನಿಗೆ
ಪೆನ್ಸಿಲ್ಲಿನಲ್ಲಿ ಕೂಡಿಸಿದರು:
"ಒಂದು ಲಕ್ಷದ ಎಂಬತ್ತೆಂಟು ಸಾವಿರ!
ಇಷ್ಟರಲ್ಲಿ ಸಾಗರದ ಲೈನಿಗೆ ಹಳೇದೊಂದು ಓಮ್ನಿ ಬರ್ತಿತ್ತು, ವನಮಾಲಾ.
ಓಮ್ನಿ ಆದ್ರೆ ಓಡೋದು ಕಣ್ಣಿಗೆ ಕಾಣುತ್ತೆ."
ಕಾಣದ್ದಕ್ಕೆ ನಾನು ಏನೆಂದು ಬೆಲೆ ಕಟ್ಟಲಿ?
ಮಂಗಳವಾರದ ಕತೆ ನೆನಪಿಸಿದೆ, ಅಷ್ಟೇ.
ಇಪ್ಪತ್ತು ನಿಮಿಷ ಕಣ್ಣು ಮುಚ್ಚಿತ್ತು ಅದು.
ಹೊಸನಗರದವರ ಇನ್ಸುಲಿನ್ನು ಐಸಿನ ಡಬ್ಬದಲ್ಲಿ ಸಿದ್ಧವಿತ್ತು,
ಬಿಲ್ಲಿಲ್ಲದೆ ಡಬ್ಬ ಹೊಸ್ತಿಲು ದಾಟುವಂತಿರಲಿಲ್ಲ,
ಹನ್ನೊಂದೂವರೆಯ ಬಸ್ಸು ಹೊರಟೇಹೋಯಿತು.

ಅವರು ಪೆನ್ಸಿಲು ಕೆಳಗಿಟ್ಟರು.

ಭದ್ರಾವತಿಯಿಂದ ಇರ್ಷಾದ್ ಬಂದ.
ಬಾಗಿಲಲ್ಲೇ ಶೂ ಬಿಚ್ಚಿಟ್ಟು, ಮೆಟ್ಟಿಲಡಿ ಮಂಡಿಯೂರಿ,
ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು,
ಎಂದೋ ಕಳೆದಿದ್ದ ರಬ್ಬರ್ ಸ್ಟ್ಯಾಂಪನ್ನು ಮೊದಲು ಹೊರಗೆ ತೆಗೆದ.
ಯಾವಾಗ ನಿಲ್ಲಿಸೋಣ ಎಂದ.
ಸೋಮವಾರ ಶಿಕಾರಿಪುರದ ಆರ್ಡರು, ಗುರುವಾರ ತೀರ್ಥಹಳ್ಳಿ,
ಇಪ್ಪತ್ತನೇ ತಾರೀಕು ಯಾರೂ ಉಸಿರೆತ್ತಬಾರದು, ಜಿಎಸ್‌ಟಿ.
ಹೊಡೆದು ಹೊಡೆದು ಕೊನೆಗೆ ಉಳಿದದ್ದು
ಭಾನುವಾರ ರಾತ್ರಿ, ಹತ್ತರಿಂದ ನಾಲ್ಕು.

ಹಳೆಯದರಲ್ಲಿ ಎಷ್ಟನ್ನು ಹೊಸದಕ್ಕೆ ಒಯ್ಯೋದು?
"ಐದು ವರ್ಷದ್ದು ಸಾಕು ಸಾರ್."
ಹಾಗಾದರೆ ರಿಪ್ಪನ್‌ಪೇಟೆಯ ವರ್ಕಿ ಮೆಡಿಕಲ್ಸ್ ಬಿಟ್ಟುಹೋಗುತ್ತದೆ:
ಅಂಗಡಿ ಮುಚ್ಚಿ, ಅಂಗಡಿಯವರೂ ಹೋಗಿ ಆರು ವರ್ಷ,
ಬಾಕಿ ಹನ್ನೊಂದು ಸಾವಿರದ ಮುನ್ನೂರ ನಲವತ್ತು.
"ಅದೂ ಬರಲಿ" ಎಂದರು ಹಾಲೇಶಪ್ಪ.
ಕಾರಣ ಹೇಳಲಿಲ್ಲ.

ಆಮೇಲೆ, ವೈರು ಸುತ್ತುತ್ತಾ, ಇರ್ಷಾದ್ ಕೇಳಿದ:
"ಅಕ್ಕ, ಬ್ಯಾಕಪ್ಪು ಯಾವತ್ತಾದ್ರೂ ತೆಗೆದು ನೋಡಿದ್ದೀರಾ?"

ಸಂಜೆ ಏಳಕ್ಕೆ ಅಂಗೈಯಗಲದ ಆ ಡಿಸ್ಕನ್ನು
ಊಟದ ಡಬ್ಬಿಯ ಮಗ್ಗುಲಿಗಿಟ್ಟು ಗೋಪಾಳದ ಬಸ್ಸು ಹತ್ತುವವಳು ನಾನು.
ಹನಿ ಬಿದ್ದರೆ ಪ್ಲಾಸ್ಟಿಕ್ಕು ಮೊದಲು ಅದಕ್ಕೆ, ಆಮೇಲೆ ನನ್ನ ತಲೆಗೆ.
ಮನೆಯಲ್ಲಿ ಅಕ್ಕಿ ಡಬ್ಬದ ಮೇಲೆ ಅದರ ಜಾಗ.
ಮಗಳು ಮುಟ್ಟಿ ಒಮ್ಮೆ ಏಟು ತಿಂದಿದ್ದಾಳೆ.

ಇರ್ಷಾದ್ ತೆರೆದ.
ಒಂದು ರಾತ್ರಿಯೂ ತಪ್ಪದೆ ಸಾಲಾಗಿ ತಾರೀಕುಗಳು,
ಪ್ರತಿ ತಾರೀಕಿನ ಮುಂದೆ ಸೊನ್ನೆ.
ಕೆಳಕ್ಕೆ ಜಾರಿಸಿದ. ಸೊನ್ನೆ.
ನಾಲ್ಕು ವರ್ಷ ನಾನು ಸೊನ್ನೆಗೆ ಕೊಡೆ ಹಿಡಿದಿದ್ದೆ.

ಯಾರೂ ಬೈಯಲಿಲ್ಲ, ಅದೇ ಕಷ್ಟವಾಯಿತು.
ಹಾಲೇಶಪ್ಪನವರು ಟೀ ತರಿಸಿದರು.
ಮೆಟ್ಟಿಲಡಿಯ ಮುಲುಕು ಅವತ್ತು ಬೇರೆ ಥರ ಕೇಳಿಸಿತು.
ನಾನು ಬಸ್ಸಿನಲ್ಲಿ ಸೀಟಿಗೆ ಜಗಳವಾಡುತ್ತಿದ್ದ ಹೊತ್ತಿನಲ್ಲೆಲ್ಲ
ಇದ್ದಬದ್ದದ್ದನ್ನೆಲ್ಲ ಅದೊಂದೇ ಹೊತ್ತುಕೊಂಡು ಕೂತಿತ್ತು.

ಯೋಜನೆಯ ಹಾಳೆಯಲ್ಲಿ "ಹೊಸ ಸರ್ವರು" ಎಂಬುದರ ನೆತ್ತಿಯ ಮೇಲೆ
ಬೆರಳಗಲ ಜಾಗವಿತ್ತು. ಅಲ್ಲಿ ಒತ್ತಿ ಬರೆದೆ:
ಮೊದಲು ಒಂದು ಬಿಲ್ಲು ವಾಪಸ್ಸು ತಂದು ನೋಡುವುದು.

ಶುಕ್ರವಾರ, ಹೊಸ ಡಿಸ್ಕಿನಿಂದ, ಬೇರೊಂದು ಕಂಪ್ಯೂಟರಿಗೆ.
"ಯಾವುದಾದ್ರೂ ಒಂದು ಹೆಸರು ಹೇಳಿ ಸಾರ್."
ಅವರು ಯೋಚಿಸಲಿಲ್ಲ.
ಪರದೆ ಒಂದು ಕ್ಷಣ ಕಪ್ಪಾಗಿ, ಮೆಲ್ಲಗೆ ಬಂತು:
ವರ್ಕಿ ಮೆಡಿಕಲ್ಸ್, ರಿಪ್ಪನ್‌ಪೇಟೆ.
ಪ್ಯಾರಾಸಿಟಮಾಲ್ ಹತ್ತು ಪೆಟ್ಟಿಗೆ, ಹತ್ತಿ, ಗಾಜು ಬಟ್ಟೆ,
ತಳದಲ್ಲಿ ನನ್ನದೇ ಟೈಪು: ಹಣ ಮುಂದಿನ ಸಲ.

"ಇದೆ" ಎಂದರು ಹಾಲೇಶಪ್ಪ. ಕನ್ನಡಕ ತೆಗೆದು ಒರೆಸಿಕೊಂಡರು.

ಭಾನುವಾರಕ್ಕೆ ದೊಡ್ಡ ಫ್ಲಾಸ್ಕು ತರಬೇಕು
ಎಂದು ಅದೇ ಹಾಳೆಯ ಅಂಚಿನಲ್ಲಿ ಗೀಚಿಕೊಂಡೆ.